ಟವೆಲ್ಲಿನ ಕೆಳಗಿನ ಕೈಗಳು

ಟವೆಲ್ಲಿನ ಕೆಳಗೆ ಎರಡು ಕೈಗಳು ಅಲುಗಾಡುತ್ತಿದ್ದವು. ಮಾತು ಮಾತ್ರ ಇಲ್ಲ.

ಸುಷ್ಮಿತಾ ಸ್ಕೂಲ್ ಬ್ಯಾಗ್ ಹೊತ್ತುಕೊಂಡೇ ಬಾಗಿಲಲ್ಲಿ ನಿಂತಳು. ಒಂದು ಕೈ ಅಪ್ಪ ಹರೀಶನದು. ಇನ್ನೊಂದು ಯಾರೋ ಬಿಳಿ ಅಂಗಿಯವನದು.

ಇದು ಅವಳಿಗೆ ಗೊತ್ತು. ತಾತ ನಂಜಯ್ಯ ಎತ್ತು ಮಾರುವಾಗ ಹೀಗೇ ಟವೆಲ್ ಮುಚ್ಚಿ, ಬೆರಳು ಹಿಡಿದು ರೇಟು ಹೇಳುತ್ತಿದ್ದರು. ಸುತ್ತ ನಿಂತವರಿಗೆ ತಿಳಿಯಬಾರದಲ್ಲ, ಅದಕ್ಕೆ.

"ಅಪ್ಪಾ, ಹಸು ತಗೋತಿದ್ದೀವಾ?"

ಅವಳಿಗೆ ಖುಷಿಯೋ ಖುಷಿ. ಮಂಡಿ ಮೊಹಲ್ಲಾದ ಈ ಒಂದು ರೂಮಿನ ಮನೆಯಲ್ಲಿ ಸೈಕಲ್ ನಿಲ್ಲಿಸಲೂ ಜಾಗವಿಲ್ಲ, ಹಸುವನ್ನು ಎಲ್ಲಿ ಕಟ್ಟುತ್ತಾಳೋ!

ಅಪ್ಪ ತಲೆ ಎತ್ತಲಿಲ್ಲ.

"ತಗೊಳ್ಳೋದಲ್ಲ ಪುಟ್ಟಿ, ಕೊಡೋದು," ಎಂದ ಬಿಳಿ ಅಂಗಿಯವನು. ಹೆಸರು ಪ್ರಭುಸ್ವಾಮಿಯಂತೆ, ಮೊದಲು ದನದ ದಲ್ಲಾಳಿಯಾಗಿದ್ದನಂತೆ. "ನಿಮ್ಮಪ್ಪಂಗೆ ಎರಡು ಕಿಡ್ನಿ ಐತೆ. ಒಂದು ಸಾಕು ಕಣಮ್ಮ. ದುಡ್ಡು ಬಂದ್ರೆ ಬಾಡಿಗೆ ಆಟೋ ಬುಟ್ಟು ಸ್ವಂತದ್ದು ಓಡಿಸ್ಬೋದು. ಅಪ್ಪ ನೀರು ಚೆನ್ನಾಗಿ ಕುಡೀತಾರಾ? ನಿದ್ದೆ ಮಾಡ್ತಾರಾ?"

ತಾತನ ಎತ್ತು ನೋಡಲು ಬಂದವರೂ ಹೀಗೇ ಕೇಳುತ್ತಿದ್ದರು. ಸುಷ್ಮಿತಾ ಬ್ಯಾಗ್ ಕೆಳಗಿಟ್ಟಳು.

"ಕಿಡ್ನಿ ಮಾರಬಾರದು ಅಲ್ವಾ?"

"ಮಾರೋದು ಅಂತ ಯಾರು ಹೇಳ್ತಾರೆ? ಆಸ್ಪತ್ರೇಲಿ ನಿನ್ನಷ್ಟೇ ವಯಸ್ಸಿನ ಹುಡುಗಿ ಕಿಡ್ನಿಗೆ ಕಾಯ್ತಾ ಅವ್ಳೆ, ನೋಡು." ಅವನು ಇನ್ನೊಂದು ಕೈಯಲ್ಲಿ ಫೋನ್ ಹಿಡಿದ. ಎರಡು ಜಡೆಯ ಹುಡುಗಿ. ಮುಖ ಊದಿಕೊಂಡಿತ್ತು. ಫೋಟೋದೊಳಗಿಂದ ನೇರ ಸುಷ್ಮಿತಾಳನ್ನೇ ನೋಡುತ್ತಿದ್ದಳು.

"ಹೇಳಿ ಹರೀಶಣ್ಣ, ಡಾಕ್ಟ್ರು ಕೇಳಿದ್ರೆ ಈ ಫೋಟೋದವಳು ಯಾರು ಅಂತೀರಿ?"

"ನಮ್ಮಣ್ಣನ ಮಗಳು," ಎಂದ ಅಪ್ಪ, ಪಾಠ ಒಪ್ಪಿಸುವಂತೆ.

ಅಪ್ಪನಿಗೆ ಅಣ್ಣನೇ ಇಲ್ಲ.

ಸುಷ್ಮಿತಾಗೆ ವಿಪರೀತ ಭಯವಾಯಿತು. ಅಪ್ಪನ ಕೈ ಹಿಡಿಯಬೇಕೆಂದು ಟವೆಲ್ಲಿನೊಳಗೆ ಕೈ ತೂರಿಸಿದಳು. ಅಪ್ಪನ ಬೆರಳು ತಣ್ಣಗಿತ್ತು. ಅಷ್ಟರಲ್ಲಿ ಬೇರೆ ಬೆರಳುಗಳು ಬಂದವು. ಫೋನ್ ನೋಡುತ್ತಲೇ ಪ್ರಭುಸ್ವಾಮಿ ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ಒತ್ತತೊಡಗಿದ. ರೇಟು ಹೇಳುತ್ತಿದ್ದ!

"ಅಪ್ಪಾ!"

ಅಪ್ಪ ಟವೆಲ್ ಕಿತ್ತೆಸೆದ. "ಅದು ನನ್ ಮಗಳ ಕೈ ಕಣ್ರೀ! ಬುಡ್ರೀ! ಏನೂ ಬ್ಯಾಡ, ಎದ್ದೋಗಿ!"

ಪ್ರಭುಸ್ವಾಮಿಗೆ ಕೋಪವೇ ಬರಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಪಕ್ಕದ ಬೀದೀಲೂ ಜನ ಅವ್ರೆ," ಎಂದು ನಗುತ್ತಲೇ ಹೋದ.

ಅಪ್ಪ ಅವಳ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದು ಕೂತ. ಸುಷ್ಮಿತಾ ಬಿಡಿಸಿಕೊಳ್ಳಲಿಲ್ಲ.

"ಅಪ್ಪಾ, ಆ ಹುಡುಗಿ ಇನ್ನೂ ಕಾಯ್ತಾನೇ ಇರ್ತಾಳಲ್ವಾ?"

ಅಪ್ಪನ ಹಿಡಿತ ಇನ್ನಷ್ಟು ಬಿಗಿಯಾಯಿತು.

ಆ ಹುಡುಗಿಯ ಅಪ್ಪನೂ ಈಗ ಅವಳ ಕೈಯನ್ನು ಹೀಗೇ ಹಿಡಿದುಕೊಂಡಿರಬಹುದು ಎಂದುಕೊಂಡಳು ಸುಷ್ಮಿತಾ.