ಆಡದ ಎರಡು ಆಟ

“ಉಪ್ಪಿಟ್ಟು ಆರಾಕತ್ತೇತಿ, ಲಗೂ ತಿನ್ನು,” ಎಂದಳು ಅವ್ವ.

ಅಜ್ಜನ ಮಣ್ಣಾಗಿ ಮೂರು ದಿನವಾಗಿತ್ತು. ಇಲ್ಲಿಯವರೆಗೆ ಚರ್ಚಿನವರೇ ಸರದಿಯ ಮೇಲೆ ಊಟದ ಡಬ್ಬಿ ತಂದಿದ್ದರು. ಇವತ್ತು ಮತ್ತೆ ಮನೆಯ ಒಲೆ ಹೊತ್ತಿತ್ತು. ಜೆಸ್ಲಿನ್ ಯೂನಿಫಾರ್ಮ್ ಹಾಕಿಕೊಂಡಿದ್ದಳು.

ಟೀಪಾಯಿಯ ಮೇಲೆ ಎರಡು ಮುಖದ ಚೆಸ್ ಗಡಿಯಾರ, ಚಾವಿ ಇಳಿದು ನಿಂತಿತ್ತು.

“ಚೆಸ್ ಕ್ಲಬ್ಬಿನ ಖಾದರಬಾಷಾ ಸರ್‌ದು ಅದು. ನಿನ್ನ ಪ್ರಾಕ್ಟೀಸಿಗಂತ ಅಜ್ಜ ಇಸಕೊಂಡು ಬಂದಿದ್ರು. ಸಂಜಿಕ ಕೊಟ್ಟು ಬಾ.”

ಶಾಲೆಯ ಆಟೋದಲ್ಲಿ, ಅದೇ ಕ್ಲಬ್ಬಿನಲ್ಲಿ ಆಡುವ ವಿಶಾಲ ಕಾಯುತ್ತಲೇ ಇದ್ದ.

“ರವಿವಾರ ಟೂರ್ನಮೆಂಟ್ ನಡುವ ಎದ್ದು ಹೋಗಿ ಐಶ್ವರ್ಯಾಂದು ಕೆಡಿಸಿದಿ ನೋಡು!”

“ನಾ ಏನ್ ಮಾಡೇನಿ?”

“ಆಕಿದೂ ಶಿವಯೋಗೀಶಂದೂ ನಾಕ್ ನಾಕ್ ಪಾಯಿಂಟ್. ಜಿಲ್ಲಾ ಟೀಮಿನ್ಯಾಗ ಒಂದ ಜಾಗಾ. ಹಂಗಾದ್ರ ಟೈಬ್ರೇಕ್: ಯಾರ ಎದುರಾಳಿಗೋಳು ಎಲ್ಲಾ ಕೂಡಿ ಜಾಸ್ತಿ ಪಾಯಿಂಟ್ ಮಾಡ್ಯಾರ, ಅವರು ಮುಂದ. ನೀ ಆಕಿ ಕೈಯಾಗ ಸೋತಿ. ಆಮ್ಯಾಲೆ ಎರಡ ಆಟ ಆಡಲೇ ಇಲ್ಲ. ಸೊನ್ನಿ, ಸೊನ್ನಿ! ಲಿಸ್ಟ್ ಇವತ್ತು ಸಂಜಿಕ ಹಾಕ್ತಾರ.”

ಜೆಸ್ಲಿನ್ ಆಟೋದ ಹೊರಗೆ ನೋಡುತ್ತ ಕೂತಳು. ರವಿವಾರ ಅಜ್ಜ ತೀರಿಕೊಂಡ ಸುದ್ದಿ ಹೇಳಿ ಅಪ್ಪ ಕೈಹಿಡಿದು ಆಟದಿಂದ ಕರೆದೊಯ್ದಾಗ, ಅಜ್ಜನ ಹೊರತು ಅವಳಿಗೆ ಬೇರೇನೂ ನೆನಪಾಗಿರಲಿಲ್ಲ. ಐಶ್ವರ್ಯಾ ಅವಳ ಜೀವದ ಗೆಳತಿ.

ಸಂಜೆ ವಿದ್ಯಾನಗರದ ಕ್ಲಬ್ಬಿನಲ್ಲಿ ಸರ್ ಗೋಡೆಗೆ ಹಾಳೆ ಅಂಟಿಸುತ್ತಿದ್ದರು.

“ಮಣ್ಣಿಗೆ ಬಂದಿದ್ದೆ ಬೇಟಾ. ಅದಕ್ಕ ಲಿಸ್ಟ್ ತಡಾ ಆತು.”

“ಸರ್... ನನ್ನಿಂದ ಐಶ್ವರ್ಯಾಂದು ಹೋತೇನ್ರಿ?”

ಸರ್ ಕನ್ನಡಕ ತೆಗೆದರು. “ಯಾರಂದ್ರು? ನಡುವ ಬಿಟ್ಟು ಹೋದವರ ಉಳಿದ ಆಟ, ಅವರ ಕೂಡ ಆಡಿದವರ ಲೆಕ್ಕದಾಗ ಸೊನ್ನಿ ಅಲ್ಲ. ಡ್ರಾ ಆದಂಗ, ಒಂದೊಂದಕ್ಕ ಅರ್ಧ. ನಿನ್ನ ಎರಡು ಅರ್ಧ ಕೂಡಿ ಒಂದು. ಈಗ ಓದು.”

ಎದುರಾಳಿಗಳ ಒಟ್ಟು ಪಾಯಿಂಟ್: ಐಶ್ವರ್ಯಾ, ಹದಿಮೂರೂವರೆ. ಶಿವಯೋಗೀಶ, ಹದಿಮೂರು.

“ಏ ಜೆಸ್ಸಿ! ಅರ್ಧ ಪಾಯಿಂಟಿಗೆ ಉಳದೇನಿ ನೋಡ!” ಐಶ್ವರ್ಯಾ ಹಿಂದಿನಿಂದ ಬಂದು ಅವಳ ಜಡೆ ಜಗ್ಗಿದಳು. “ಆ ವಿಶಾಲಂಗ ತನ್ನ ಸೋಲು ಎಣಸಾಕ ಬರಂಗಿಲ್ಲ. ನನ್ನ ಟೈಬ್ರೇಕ್ ಎಣಸ್ತಾನಂತ!”

ಜೆಸ್ಲಿನ್ ನಕ್ಕಳು.

ಚೀಲದಿಂದ ಗಡಿಯಾರ ತೆಗೆದಳು. ನಡೆ ಮುಗಿಸಿ ಅವಳು ಒತ್ತಿದ್ದ ಗುಂಡಿ ಕೆಳಗಿತ್ತು, ಅಜ್ಜನ ಕಡೆಯದು ಮೇಲಿತ್ತು.

“ಅಜ್ಜಂದ ಪಾಳಿ ಇತ್ರಿ ಸರ್. ಶನಿವಾರ ರಾತ್ರಿ ಚಾವಿ ಇಳದು ನಿಂತಿತು, ಊಟಕ್ಕಂತ ಎದ್ವಿ, ಹಂಗ ಬಿಟ್ವಿ. ಅಜ್ಜಂದು ಇನ್ನೂ ಹನ್ನೊಂದು ನಿಮಿಷ ಉಳದಾವು.”

ಸರ್ ಕನ್ನಡಕ ಮತ್ತೆ ಹಾಕಿಕೊಂಡು ಗಡಿಯಾರದ ಮುಖ ನೋಡಿದರು.

ಜೆಸ್ಲಿನ್ ಎರಡು ಬೆರಳಿಟ್ಟು ಎರಡೂ ಗುಂಡಿಗಳನ್ನು ಮೆಲ್ಲಗೆ ಸಮ ಮಾಡಿದಳು. ಡ್ರಾ ಆದ ಆಟದಂತೆ ಯಾವುದೂ ಮೇಲಿಲ್ಲ, ಯಾವುದೂ ಕೆಳಗಿಲ್ಲ. ಆಮೇಲೆ ಗಡಿಯಾರವನ್ನು ಸರ್ ಕೈಗೆ ಕೊಟ್ಟಳು.