ಎಡಕ್ಕೆ ಹೋದ ಗುಂಡುಗಳು

"ಅರವಿಂದ ನನ್ನ ಕಾರ್ಬೈನ್ ಕೆಡಿಸಿದಾನೆ, ಜಲಜಕ್ಕ. ಇವತ್ತು ಸಂಜೆ ಶೂಟಿಂಗ್ ಕ್ಲಬ್ಬಿನ ಸಮಿತಿ ಸೇರತ್ತೆ. ಅಲ್ಲಿ ಅವನ ಹೆಸರು ಹೇಳೇ ಹೇಳ್ತೀನಿ."

ಇಷ್ಟು ಹೇಳಿ ದಿವಾಕರ ಸೋಫಾದ ಮೇಲೆ ಕುಸಿದಾಗ ನಂಜುಂಡಸ್ವಾಮಿಯವರು ಶನಿವಾರದ ಎರಡನೇ ಕಾಫಿಗಾಗಿ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಿದ್ದರು. ಅದು ಇಳಿಯುತ್ತಿರಲಿಲ್ಲ. ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಅವರ ಹೆಂಡತಿ ಜಲಜಾಕ್ಷಿಗೆ ವಾರವೆಲ್ಲ ಕೆಟ್ಟ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅವು ಸತ್ತದ್ದೇಕೆಂದು ಹೇಳುವ ಕೆಲಸ. ವಾರಾಂತ್ಯಕ್ಕೆ ಊರಿನ ಕನ್ನಡಿಗರು ತಮ್ಮ ಮನೆಯ ಕೆಟ್ಟ ಸಂಗತಿಗಳನ್ನು ಹೊತ್ತು ತರುತ್ತಿದ್ದರು. ಈ ಪತ್ತೇದಾರಿಕೆಯಲ್ಲಿ ನಂಜುಂಡಸ್ವಾಮಿಯವರ ಪಾಲು ಎರಡು: ಜೊತೆಗೆ ಹೋಗುವುದು, ಮತ್ತು ಕೊನೆಯವರೆಗೂ ಏನೂ ತಿಳಿಯದಿರುವುದು.

"ಕಾರ್ಬೈನ್ ಅಂದ್ರೆ ಬಂದೂಕು ತಾನೆ?" ಎಂದರು.

"ಗಿಡ್ಡ ರೈಫಲ್, ಭಾವ. ಆದ್ರೆ ಹಾಕೋದು ಪಿಸ್ತೂಲಿನ ಗುಂಡು, ಒಂಬತ್ತು ಮಿಲಿಮೀಟರ್‌ದು. ಭುಜಕ್ಕೆ ಒದೆಯೋದೇ ಇಲ್ಲ. ಲೈಸೆನ್ಸಿಗೆ ಎಷ್ಟು ಒದ್ದಾಡಿದೀನಿ ಗೊತ್ತಾ? ಪೊಲೀಸ್‌ನೋರು ಮನೆಗೆ ಬಂದು ಸೇಫ್ ಗೋಡೆಗೆ ಕಚ್ಚಿದೆಯಾ ಅಂತ ಎಳೆದು ನೋಡಿದ್ರು."

ಅವನು ಒಂದು ಗುರಿಕಾಗದ ಬಿಡಿಸಿದ. ತೂತುಗಳೆಲ್ಲ ಅಂಗೈಯಗಲದೊಳಗೆ ಒತ್ತಾಗಿ ಕೂತಿದ್ದವು. ಆದರೆ ನಟ್ಟನಡುವೆ ಅಲ್ಲ, ಪೂರಾ ಎಡಕ್ಕೆ.

"ಹೋದ ಭಾನುವಾರ ತಂಡದ ಆಯ್ಕೆ. ಇದ್ದದ್ದು ಒಂದೇ ಜಾಗ. ಹಿಂದಿನ ವಾರ ಎಲ್ಲಾ ನಡುವೆ ಹೊಡೆದಿದ್ದೆ. ಅವತ್ತು ಹೊಡೆದದ್ದೆಲ್ಲ ಎಡಕ್ಕೆ. ಕ್ಲಬ್ಬಿನ ಹಿರಿಯರೊಬ್ರು ಹೊಡೆದು ನೋಡಿದ್ರು, ಅವರದ್ದೂ ಎಡಕ್ಕೆ. ಯಾರೋ ಗುರಿ ಹಿಡಿಯೋ ಸೈಟ್ ಮುಟ್ಟಿದಾರೆ ಅಂದ್ರು. ಶುರುವಾಗೋ ಮುಂಚೆ ನಾನು ಕಾಫಿ ತರೋಕೆ ಹೋದಾಗ ಕಾರ್ಬೈನ್ ಹತ್ರ ಇದ್ದೋನು ಅರವಿಂದ ಒಬ್ಬನೇ. ಜಾಗ ಸಿಕ್ಕಿದ್ದೂ ಅವನಿಗೇ."

"ಆಮೇಲೆ ಅದನ್ನ ಏನು ಮಾಡ್ದೆ?" ಎಂದರು ಜಲಜಾಕ್ಷಿ.

"ಸಾಕ್ಷಿ ಅಂತ ಹಾಗೇ ಸೇಫಲ್ಲಿ ಬೀಗ ಹಾಕಿದೀನಿ. ಎಣ್ಣೆ ಬಟ್ಟೆ ಕೂಡ ತಾಗಿಸಿಲ್ಲ."

"ತಂದು ತೋರಿಸಬಾರದಿತ್ತಾ?"

"ಅದು ಮನೆಯಿಂದ ಕ್ಲಬ್ಬು, ಕ್ಲಬ್ಬಿಂದ ಮನೆ, ಅಷ್ಟೇ ಜಲಜಕ್ಕ. ನಡುವೆ ಟೊಮೇಟೊ ಕೊಳ್ಳೋಕೂ ನಿಲ್ಲಿಸೋ ಹಾಗಿಲ್ಲ."

ಜಲಜಾಕ್ಷಿ ಕಾಗದವನ್ನೇ ನೋಡುತ್ತಿದ್ದರು. "ನೀನು ಹೆಸರು ಹೇಳಿದ್ರೆ ಅರವಿಂದನಿಗೆ ಏನಾಗತ್ತೆ?"

"ಕ್ಲಬ್ಬಿಂದ ಹೊರಗೆ. ಕ್ಲಬ್ಬಿಲ್ಲ ಅಂದ್ರೆ ಲೈಸೆನ್ಸೂ ಇಲ್ಲ. ಪೊಲೀಸ್‌ನೋರು ಯಾಕೆ ಅಂತ ಕೇಳ್ತಾರೆ." ದಿವಾಕರ ತಲೆ ತಗ್ಗಿಸಿದ. "ಮೈಸೂರಿಂದ ಬಂದಾಗ ಒಂದೇ ರೂಮಲ್ಲಿದ್ವಿ. ಅದಕ್ಕೇ ಇಷ್ಟು ಉರಿಯೋದು."

"ಮಧ್ಯಾಹ್ನ ಅವನನ್ನೂ ನಿನ್ನ ಮನೆಗೆ ಕರಿ. ರೀ, ಸೈಕಲ್ ತೆಗೀರಿ."

ಡಿಕಾಕ್ಷನ್ ಆಗ ಇಳಿಯತೊಡಗಿತು.

ಅಕ್ಟೋಬರಿನ ಎದುರುಗಾಳಿಯಲ್ಲಿ ನಂಜುಂಡಸ್ವಾಮಿಯವರು ಏದುಸಿರು ಬಿಡುತ್ತ ತಲುಪಿದಾಗ ಜಲಜಾಕ್ಷಿ ಆಗಲೇ ದಿವಾಕರನ ಕಾರನ್ನು ಒಂದು ಸುತ್ತು ಹಾಕಿ ನೋಡಿಯಾಗಿತ್ತು. ಕಾರು ಲಕಲಕ ಹೊಳೆಯುತ್ತಿತ್ತು. ಮನೆಯೊಳಗೆ ಮಾತ್ರ ಹೋದ ಶನಿವಾರದ ಆಯುಧಪೂಜೆ ಇನ್ನೂ ಮುಗಿದಂತಿರಲಿಲ್ಲ. ಮಿಕ್ಸಿಗೆ ಗಂಧ, ಕಂಪ್ಯೂಟರಿನ ಮಾನಿಟರಿಗೆ ಕುಂಕುಮ. ನಡುಹಾದಿಯಲ್ಲಿ ಒರಗಿಸಿದ್ದ ದಿವಾಕರನ ಹೆಂಡತಿ ನಾಗಮಣಿಯ ಸೈಕಲ್ಲಂತೂ ಹಣೆತುಂಬ ಗಂಧ ಕುಂಕುಮ ಹಚ್ಚಿಕೊಂಡು ಮದುವಣಗಿತ್ತಿಯಂತಿತ್ತು.

"ಇದೇ ವೇಷದಲ್ಲಿ ದಿನಾ ಅಂಗಡಿಗೆ ಹೋಗ್ತೀಯಾ?" ಎಂದು ನಂಜುಂಡಸ್ವಾಮಿ ಕೇಳಿದರು.

"ಹೂಂ ಭಾವ. ಪಕ್ಕದ್ಮನೆ ಅಜ್ಜಿ ತಮ್ಮ ಸೈಕಲ್ಲಿಗೂ ಹಚ್ಚು ಅಂದ್ರು," ಎಂದಳು ನಾಗಮಣಿ. ಕೈಯಲ್ಲಿ ಒಗೆಯುವ ಬಟ್ಟೆಯ ರಾಶಿಯಿತ್ತು. "ರೀ, ಈ ಕರ್ಚೀಫಿಗೆ ಏನು ಮಾಡ್ಕೊಂಡಿದೀರಿ? ಎರಡು ಸಲ ಒಗೆದ್ರೂ ಕಲೆ ಹೋಗ್ತಿಲ್ಲ."

"ಈಗ ಕರ್ಚೀಫಿನ ವಿಷಯನಾ?" ಎಂದು ದಿವಾಕರ ಸಿಡುಕಿದ.

ಅವನು ಸೇಫ್ ತೆರೆದು ಕಾರ್ಬೈನ್ ಹೊರತೆಗೆದು, ಒಳಗೆ ಗುಂಡಿಲ್ಲವೆಂದು ಎಲ್ಲರಿಗೂ ತೋರಿಸಿದ. ಕಪ್ಪಗೆ, ಕೊಳೆಯಿಲ್ಲದೆ ಇತ್ತು. ಹಿಂದಿನ ಸೈಟ್ ಎಂದರೆ ಪುಟ್ಟ ತೂತಿನ ಒಂದು ಬಿಲ್ಲೆ; ಅದರ ಮೂಲಕ ಕಣ್ಣಿಟ್ಟು, ನಳಿಕೆಯ ತುದಿಯಲ್ಲಿರುವ ಕಡ್ಡಿಯನ್ನು ತೂತಿನ ನಡುವೆ ತಂದು ಗುರಿ ಹಿಡಿಯಬೇಕು. ಬಿಲ್ಲೆಯನ್ನು ಅತ್ತಿತ್ತ ಸರಿಸುವ ಸ್ಕ್ರೂ ಮೇಲೆ ನೈಲ್ ಪಾಲಿಷಿನ ಕೆಂಪು ಗೆರೆಯಿತ್ತು.

"ಇವರು ಗುರಿ ಸರಿಮಾಡಿಕೊಂಡ ದಿನ ನಾನೇ ಎಳೆದದ್ದು. ಸ್ಕ್ರೂ ತಿರುಗಿದ್ರೆ ಗೆರೆ ಮುರಿಯತ್ತೆ," ಎಂದಳು ನಾಗಮಣಿ.

ಜಲಜಾಕ್ಷಿ ಭೂತಗನ್ನಡಿ ಹಿಡಿದರು. ಗೆರೆ ಇಡಿಯಾಗಿತ್ತು.

"ಹಾಗಾದ್ರೆ ಯಾರೂ ತಿರುಗಿಸಿಲ್ಲ," ಎಂದರು ನಂಜುಂಡಸ್ವಾಮಿ, ಒಮ್ಮೆಯಾದರೂ ಮೊದಲು ಹೇಳಿದ ಖುಷಿಯಲ್ಲಿ.

"ಮತ್ತೆ ಗುಂಡು ತಾವಾಗೇ ಎಡಕ್ಕೆ ಹೊರಳಿದ್ವಾ ಭಾವ?" ಎಂದ ದಿವಾಕರ.

ಜಲಜಾಕ್ಷಿ ಕೇಳಿದರು, "ಭಾನುವಾರ ಅಲ್ಲಿ ಬೆಳಕು ಹೇಗಿತ್ತು?"

"ಒಳಾಂಗಣ, ಟ್ಯೂಬ್‌ಲೈಟು, ಯಾವಾಗ್ಲೂ ಒಂದೇ ಥರ." ದಿವಾಕರ ತಡೆದ. "ಅವತ್ತು ಯಾಕೋ ಮಂಕಾಗಿತ್ತು."

"ಪೂಜೆಗೆ ಇದನ್ನೂ ಇಟ್ಟಿದ್ರಾ?"

"ಇಡದೆ?" ಎಂದು ಒಳಗಿನಿಂದ ಬಂದರು ನಾಗಮಣಿಯ ತಾಯಿ ಚಂದ್ರಪ್ರಭಾ. ಮಗಳ ಮನೆಯಲ್ಲಿ ಹಬ್ಬ ಮಾಡಿಸಲೆಂದೇ ಮೈಸೂರಿನಿಂದ ಬಂದವರು. "ಮನೇಲಿರೋ ನಿಜವಾದ ಆಯುಧ ಇದೊಂದೇ. ಮಿಕ್ಸಿಗೆ ಮಾಡಿ ಇದಕ್ಕೆ ಬಿಡೋಕಾಗತ್ತಾ? ಅಳಿಯಂದ್ರು ನನ್ನನ್ನ ಕಳ್ಳಿ ಥರ ಕಾಯ್ತಾ ಪಕ್ಕದಲ್ಲೇ ನಿಂತಿದ್ರು."

"ಅತ್ತೆ, ಅದೆಲ್ಲ ಈಗ ಯಾಕೆ?"

ಹೊರಗೆ ಕಾರು ನಿಂತ ಸದ್ದು. ಅರವಿಂದ ಬಂದಿದ್ದ. ಅವನ ಕಾರಿನ ಮೂತಿಯ ಮೇಲೆ ಕುಂಕುಮದ ಬೊಟ್ಟು, ಬಾಡಿದ ಸೇವಂತಿಗೆ. ಒಳಗೆ ಬಂದವನು ಕೂರಲಿಲ್ಲ.

"ಏನಂತೆ ನಿಂದು? ವಾರದಿಂದ ಫೋನ್ ಎತ್ತಲ್ಲ, ಕ್ಲಬ್ಬಲ್ಲಿ ಎಲ್ಲರೂ ನನ್ನನ್ನ ಒಂಥರಾ ನೋಡ್ತಾರೆ. ಸೋತದ್ದಕ್ಕೆ ಇಷ್ಟೊಂದು ಬೇಕಿತ್ತೇನೋ?"

"ಸೋಲಿಸಿದೋನು ನೀನು ಕಣೋ."

"ಇಬ್ರೂ ಸುಮ್ನಿರಿ," ಎಂದರು ಜಲಜಾಕ್ಷಿ. "ರೀ, ಪರದೆ ಎಳೀರಿ. ದಿವಾಕರ, ಅದನ್ನ ಗೋಡೆ ಕಡೆ ಹಿಡ್ಕೊ. ನಾಗಮಣಿ, ಒಂದು ಟಾರ್ಚ್ ಕೊಡು."

ಹಿಂದಿನಿಂದ ಟಾರ್ಚ್ ಬಿಟ್ಟಾಗ ತೂತಿನ ಮೂಲಕ ಗೋಡೆಯ ಮೇಲೆ ಬೆಳಕು ಬಿತ್ತು. ಬೀಳಬೇಕಾಗಿದ್ದದ್ದು ದುಂಡು. ಬಿದ್ದದ್ದು ಅರ್ಧಚಂದ್ರ, ಎಡದ ಅರ್ಧ ಮಾತ್ರ.

ನಂಜುಂಡಸ್ವಾಮಿಯವರು ಪರದೆ ಬಿಟ್ಟು ಹತ್ತಿರ ಬಂದರು.

"ಕೈ ನಡುಗಿದ್ದಿದ್ರೆ ತೂತುಗಳು ಚೆಲ್ಲಾಡಿರೋವು," ಎಂದು ಜಲಜಾಕ್ಷಿ ಶುರುಮಾಡಿದರು. "ಒತ್ತಾಗಿದ್ವು. ಅಂದ್ರೆ ದೋಷ ಬಂದೂಕಲ್ಲಿ. ಸ್ಕ್ರೂ ತಿರುಗಿಲ್ಲ, ಗೆರೆನೇ ಹೇಳ್ತು. ಬಿಲ್ಲೆ ಸರಿದಿಲ್ಲ ಅಂದ್ರೆ ತೂತೇ ಸರಿದಿರಬೇಕು. ಬಲಗಡೆ ಮುಚ್ಚಿದ್ರೆ, ಕಣ್ಣು ಉಳಿದ ಎಡ ಅರ್ಧವನ್ನೇ ಇಡೀ ತೂತು ಅಂದ್ಕೊಂಡು ಅದರ ನಡುವೆ ಗುರಿ ಹಿಡಿಯತ್ತೆ. ಕಣ್ಣಿಗೆ ಅಷ್ಟು ಹತ್ರ ಇರೋದು ಮಸುಕಾಗಿ ಕಾಣೋದ್ರಿಂದ ಮುಚ್ಚಿದ್ದು ಗೊತ್ತಾಗಲ್ಲ, ಮಂಕಾಗಿದೆ ಅನ್ಸತ್ತೆ ಅಷ್ಟೇ. ಹಿರಿಯರಿಗೂ ಹಾಗೇ ಆಯ್ತು."

ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದರು. ಕಾಗದದ ಮೇಲೆ ಒಣಗಿದ ಹಳದಿ ಪುಡಿ ಉದುರಿತು. ಮೂಸಿ ಚಂದ್ರಪ್ರಭಾರ ಮುಂದೆ ಹಿಡಿದರು.

"ನನ್ನ ಗಂಧ," ಎಂದರು ಆಕೆ. "ನೋಡೋ ಜಾಗ ಅದೇ ಅಂದ್ರು ಅಳಿಯಂದ್ರು. ಅದರ ಮೇಲೊಂದು ಬೊಟ್ಟಿಟ್ಟೆ. ತೂತಿನೊಳಗೆ ಮಾತ್ರ ತುರುಕಿಲ್ಲಮ್ಮ."

"ನೀವಲ್ಲ. ಮಿಕ್ಸಿ, ಮಾನಿಟರ್, ಸೈಕಲ್ ಎಲ್ಲಕ್ಕೂ ಗಂಧ ಹಾಗೇ ಇದೆ. ಈ ಮನೇಲಿ ಶುಭ್ರವಾಗಿರೋದು ಎರಡೇ, ಕಾರು ಮತ್ತು ಇದು. ಎರಡೂ ಕ್ಲಬ್ಬಿಗೆ ಹೋಗೋವು. ಮತ್ತೆ ನಾಗಮಣಿ ಕೈಲಿ ಒಂದು ಕರ್ಚೀಫ್ ಇತ್ತು. ಎಲ್ಲಿ ಒರೆಸ್ದೆ ದಿವಾಕರ?"

ದಿವಾಕರ ಕಾರ್ಬೈನನ್ನು ಸೇಫಿನೊಳಗಿಟ್ಟು, ಬೀಗ ತಿರುಗಿಸಿದ.

"ಭಾನುವಾರ, ಕಾರನ್ನ ಕ್ಲಬ್ಬಿನ ಹೊರಗೆ. ಇದನ್ನ ಒಳಗೆ, ಕೋಟು ನೇತುಹಾಕೋ ಕೋಣೇಲಿ, ಕರ್ಚೀಫ್ ಒದ್ದೆ ಮಾಡಿ. ಮನೇಲಿ ಅತ್ತೆ ಎದುರಿಗೆ ಹೇಗೆ ಒರೆಸ್ಲಿ? ಅಲ್ಲಿ ಅವರು ಬಂದೂಕಿಗೆ ಪೂಜೆ ಮಾಡೋ ಹುಚ್ಚ ಅಂದ್ಕೊಂಡ್ರೆ? ಪೊಲೀಸ್‌ಗೆ ಹೇಳಿದ್ರೆ? ಯಾರೋ ಬಂದ ಸದ್ದಾಯ್ತು. ಆತುರಾತುರವಾಗಿ ಒತ್ತಿ ಒರೆಸಿಬಿಟ್ಟೆ."

"ಒಂದು ಕಡೆಯಿಂದ ಒತ್ತಿ," ಎಂದರು ಜಲಜಾಕ್ಷಿ.

ಅರವಿಂದ ನಗುತ್ತಾನೆಂದು ನಂಜುಂಡಸ್ವಾಮಿಯವರು ಎಣಿಸಿದ್ದರು. ಅವನು ನಗಲಿಲ್ಲ. "ಒಂದು ವಾರ ಕಳ್ಳನ ಹಾಗೆ ಓಡಾಡಿದೀನಿ, ದಿವಾ."

"ಕಮಿಟೀಲಿ ಹೇಳ್ತೀನಿ. ನನ್ನದೇ ತಪ್ಪು ಅಂತ."

"ಏನು ತಪ್ಪು ಅಂತ ಕೇಳ್ತಾರೆ. ಸೈಟಿನೊಳಗೆ ಏನಿತ್ತು, ಯಾಕಿತ್ತು, ಯಾಕೆ ಒರೆಸ್ದೆ, ಎಲ್ಲಾ," ಎಂದ ಅರವಿಂದ.

ದಿವಾಕರನ ಮುಖ ನೋಡಲಾಗುತ್ತಿರಲಿಲ್ಲ. ಯಾವುದನ್ನು ಮುಚ್ಚಿಡಲು ಒರೆಸಿದ್ದನೋ ಅದನ್ನೇ ಈಗ ಎದ್ದು ನಿಂತು, ಅರೆಬರೆ ಡಚ್‌ನಲ್ಲಿ, ಸಮಿತಿಗೆ ಬಿಡಿಸಿ ಹೇಳಬೇಕಿತ್ತು. ಹೇಳದಿದ್ದರೆ ಅರವಿಂದನ ಮೇಲಿನ ಅನುಮಾನ ಹೋಗುವುದಿಲ್ಲ. ತಂಡದ ಜಾಗವಂತೂ ಹೇಗೂ ಹೋಗಿತ್ತು.

"ಮುಂದಿನ ವರ್ಷ ಕಣ್ಣಿಗೆ ಹಚ್ಚಲ್ಲ ಬಿಡಿ, ಅಳಿಯಂದ್ರೇ," ಎಂದರು ಚಂದ್ರಪ್ರಭಾ. "ಹಣೆಗೇ ಹಚ್ತೀನಿ. ಅದರ ಹಣೆ ಯಾವುದು ಅಂತ ತೋರಿಸಿ, ಸಾಕು."

ಅರವಿಂದ ಬಾಗಿಲ ಬಳಿ ನಿಂತು ಕಾರಿನ ಕೀಲಿ ತೆಗೆದ. "ಗಂಧಕ್ಕೆ ಡಚ್‌ನಲ್ಲಿ ಏನಂತಾರೆ?"

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ. ನನ್ನ ಕಾರಲ್ಲೇ ಹೋಗೋಣ. ಮಾತು ಬರದಿದ್ರೆ ಸಮಿತಿಯೋರನ್ನ ಹೊರಗೆ ಕರ್ಕೊಂಡು ಬಂದು ತೋರಿಸ್ಬಹುದು. ನಾನು ಒರೆಸಿಲ್ಲ."

ದಿವಾಕರ ಅವನ ಹಿಂದೆ ಹೋದ. ಕಾರಿನ ಬಾಗಿಲು ತೆಗೆಯುವ ಮುನ್ನ, ಗಾಳಿಗೆ ಜಾರುತ್ತಿದ್ದ ಸೇವಂತಿಗೆಯನ್ನು ಎತ್ತಿ ಕುಂಕುಮದ ಮೇಲೆ ಸರಿಯಾಗಿಟ್ಟದ್ದನ್ನು ನಂಜುಂಡಸ್ವಾಮಿಯವರು ಕಿಟಕಿಯಿಂದ ಕಂಡರು.