ಬಸ್ಸಿಗೆ ಕೊಟ್ಟ ಕಂಬ

"ಶ್ಯಾಮಿ, ಈಚೆಗೆ ಬಾ. ಈಗ ನೋಡು," ಎಂದು ನಟರಾಜು ಚಿಕ್ಕಪ್ಪ ಬಟನ್ ಒತ್ತಿದ.

ಗುಂಯ್ ಎಂದು ಸದ್ದು ಬಂತು. ಅಂಗಳದಲ್ಲಿ ನಿಂತಿದ್ದ ಬಿಳಿ ಬಸ್ಸಿನ ಒಂದು ಪಕ್ಕ, ಕಿಟಕಿ ಪರದೆ ಸಮೇತ, ಮೂರು ಅಡಿ ಹೊರಗೆ ಜಾರಿ ನಿಂತಿತು. ಬಸ್ಸಿಗೆ ಒಂದು ಕೋಣೆ ಜಾಸ್ತಿಯಾಯಿತು.

ಶ್ಯಾಮಲಾಳ ಅಜ್ಜಿ ಚಿಕ್ಕಸಿದ್ದಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಇದೇನ್ಲಾ ಮಗ, ಬಸ್ಸಿಗೆ ಹೊಟ್ಟೆ ಬಂದ್ಬುಡ್ತು."

"ಇದು ಕ್ಯಾರವಾನ್ ಕಣವ್ವ. ಟೂರ್ ಬಂದೋರು ಇದ್ರೊಳಗೇ ಅಡುಗೆ ಮಾಡ್ಕತಾರೆ, ಇದ್ರೊಳಗೇ ಮಲಗ್ತಾರೆ."

ಚಿಕ್ಕಪ್ಪ ಆರು ವರ್ಷ ಹುಣಸೂರಿನಲ್ಲಿ ಕೋಳಿ ಗಾಡಿ ಓಡಿಸಿದ್ದ. ಆಗ ಅವನು ಊರಿಗೆ ಬಂದರೆ ಗಾವಡಗೆರೆಯ ಬೀದಿನಾಯಿಗಳೆಲ್ಲ ಮನೆಯವರೆಗೂ ಹಿಂಬಾಲಿಸಿ ಬರುತ್ತಿದ್ದವು. ಈ ಹೊಸ ಕೆಲಸಕ್ಕೆ ಸೇರಿ ಒಂದು ವಾರವಾಗಿತ್ತು. ಮೂರು ಗಂಟೆಗೆ, ಒಂದು ಗಂಟೆ ದಾರಿಯಾಚೆಯ ಕೊಪ್ಪದಲ್ಲಿ ಟೂರಿನವರನ್ನು ಹತ್ತಿಸಿಕೊಳ್ಳಬೇಕಿತ್ತು. ಗಾವಡಗೆರೆ ಆ ದಾರಿಯಲ್ಲಿ ಇರಲೇ ಇಲ್ಲ. ಆದರೆ ಇಂಥ ಬಸ್ಸನ್ನು ಹೆತ್ತ ಅವ್ವನಿಗೆ ತೋರಿಸದೆ ಇರುವುದಾದರೂ ಹೇಗೆ?

"ಲೇಟ್ ಆದ್ರೆ ಕೆಲ್ಸ ಹೋಯ್ತು. ಆಮೇಲೆ ಕೋಳಿ ಗಾಡಿನೇ ಗತಿ," ಎಂದು ಅವನು ಮೂರನೇ ಸಲ ಹೇಳಿ, ಮೂರನೇ ಸಲ ಗಡಿಯಾರ ನೋಡಿದ.

ಶ್ಯಾಮಲಾ ಹೊರಬಂದ ಕೋಣೆಯ ಕೆಳಗೆ ಬಗ್ಗಿ ನೋಡಿದಳು. "ಒಳಗಿಂದ ಯಾರು ತಳ್ತಾರೆ ಚಿಕ್ಕಪ್ಪ?"

"ಆಯಿಲ್ ತಳ್ತದೆ ಕಣಮ್ಮಿ. ಸಿರಿಂಜ್‌ಗೆ ನೀರು ತುಂಬಿ, ತೂತಕ್ಕೆ ಬೆರಳಿಟ್ಟು ಒತ್ತು. ಒಳಕ್ಕೆ ಹೋಯ್ತದಾ?"

"ಇಲ್ಲ. ಬೆರಳು ತಗುದ್ರೆ ಚಿರ್ ಅಂತ ಮುಖಕ್ಕೆ ಹಾರ್ತದೆ."

"ಯಾಕಂದ್ರೆ ನೀರು ಕುಗ್ಗಾಕಿಲ್ಲ. ಆಯಿಲೂ ಅಂಗೇ. ಪಂಪು ಪೈಪಿನಾಗೆ ಆಯಿಲ್ ನುಗ್ಗಿಸ್ತದೆ. ಆ ತುದೀಲಿ ಸಿಲಿಂಡರ್, ಅದ್ರೊಳಗೊಂದು ರಾಡು. ಹಿಂದ್ಲಿಂದ ಆಯಿಲ್ ಬಂದ್ರೆ ರಾಡು ಮುಂದಕ್ಕೆ ಹೋಗ್ಲೇಬೇಕು. ಅದ್ರ ಜೊತೆ ಕೋಣೆನೂ ಹೊರಗೆ ಬತ್ತದೆ. ಮುಂದ್ಲಿಂದ ಆಯಿಲ್ ಬಿಟ್ರೆ ಕೋಣೆ ವಾಪಸ್ಸು."

"ವೀರಭದ್ರಸ್ವಾಮಿ ಮಾವನ ಟ್ರೈಲರ್ ಎತ್ತೋ ಅಂಗೆ?"

"ಥೇಟ್ ಅಂಗೇ. ಅದು ಮೇಲಕ್ಕೆ ಹೋಯ್ತದೆ, ಇದು ಪಕ್ಕಕ್ಕೆ," ಎಂದು ಚಿಕ್ಕಪ್ಪ ಮುದ್ದೆ ಉಣ್ಣಲು ಮನೆಯೊಳಗೆ ಹೋದ.

ಅಜ್ಜಿ ಮಾತ್ರ ಬಸ್ಸು ಹತ್ತಲು ಒಪ್ಪಲಿಲ್ಲ. ಕೋಣೆಯ ಕೆಳಗೆ ಕೋಲು ಆಡಿಸಿ ನೋಡಿದಳು. ಅಲ್ಲಿ ಬರೀ ಗಾಳಿ ಇತ್ತು. "ಕಂಬನೇ ಇಲ್ವಲ್ಲೆ. ಕಂಬ ಇಲ್ಲದ ಮನೆಗೆ ನಾನು ಕಾಲಿಡಾಕಿಲ್ಲ."

ಅಜ್ಜಿ ಒಂದೇ ಒಂದು ಸಲ ಆ ಮೆತ್ತನೆ ಹಾಸಿಗೆ ಮೇಲೆ ಕೂರಬೇಕು ಎಂದು ಶ್ಯಾಮಲಾಳಿಗೆ ತುಂಬಾ ಆಸೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಪಕ್ಕದಲ್ಲಿ ಸೌದೆ ರಾಶಿ ಬಿದ್ದಿತ್ತು. ಅದರಲ್ಲಿ ಒಂದು ಒಳ್ಳೆ ದಿಮ್ಮಿ ಆರಿಸಿ ತಂದಳು. ಕೋಣೆಯ ಕೆಳಗೆ ನೆಟ್ಟಗೆ ನಿಲ್ಲಿಸಿ, ಕೊಡಲಿಯ ಹಿಂಬದಿಯಿಂದ ಬಿಗಿಯಾಗುವವರೆಗೆ ಕುಟ್ಟಿದಳು. ತಾನು ದೊಡ್ಡ ಇಂಜಿನಿಯರ್ ಅನ್ನಿಸಿತು.

"ಹತ್ತಜ್ಜಿ. ಈಗ ಕಂಬ ಅದೆ."

ಅಜ್ಜಿ ಹತ್ತಿದಳು. ಹಾಸಿಗೆಯನ್ನು ಒತ್ತಿ ನೋಡಿದಳು, ಕೂತಳು, ಒರಗಿದಳು, ಗೊರಕೆ ಹೊಡೆದಳು.

ಚಿಕ್ಕಸಿದ್ದಮ್ಮನೇ ಹತ್ತಿದ ಮೇಲೆ ಬೀದಿ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ನಂಜಣ್ಣ ಹೆಂಡತಿ ಮಕ್ಕಳು ಬೀಗರ ಸಮೇತ ಬಂದ. ಟ್ರ್ಯಾಕ್ಟರ್ ವೀರಭದ್ರಸ್ವಾಮಿ ಬಂದ. ಒಬ್ಬರು ನಲ್ಲಿ ತಿರುಗಿಸಿದರು. ಇನ್ನೊಬ್ಬರು ಫ್ರಿಜ್ ಬಾಗಿಲು ತೆಗೆದು ತಲೆ ಒಳಗಿಟ್ಟು ತಂಪು ಮಾಡಿಕೊಂಡರು.

ಚಿಕ್ಕಪ್ಪ ಕೈ ಒರೆಸಿಕೊಳ್ಳುತ್ತ ಬಂದಾಗ ಒಂದೂವರೆ. "ಎಲ್ಲಾ ಇಳೀರಪ್ಪ, ಕೋಣೆ ಎಳ್ಕಬೇಕು."

"ಇಲ್ಲೇ ನಡುವೆ ನಿಂತ್ಕತೀವಿ ಬುಡು. ಕೋಣೆ ಒಳಕ್ಕೆ ಬರಾದನ್ನ ನೋಡ್ಬೇಕು," ಎಂದ ನಂಜಣ್ಣ.

ಚಿಕ್ಕಪ್ಪನಿಗೂ ತೋರಿಸುವ ಆಸೆ ಇತ್ತು. ಬಟನ್ ಒತ್ತಿದ. ಗುಂಯ್ ಎಂದಿತು. ಗುರ್ರ್ ಎಂದಿತು. ಟಕ್ ಎಂದು ನಿಂತುಬಿಟ್ಟಿತು. ಕೋಣೆ ಒಂದು ಬೆರಳಿನಷ್ಟೂ ಸರಿಯಲಿಲ್ಲ.

"ಆಯಿಲ್ ಕಮ್ಮಿ ಆಗದೆ. ನಮ್ ಟ್ರ್ಯಾಕ್ಟರ್‌ದು ತತ್ತೀನಿ," ಎಂದ ವೀರಭದ್ರಸ್ವಾಮಿ.

"ಆಯಿಲೂ ಅಲ್ಲ, ಏನೂ ಅಲ್ಲ. ತಳ್ಳುದ್ರೆ ಹೋಯ್ತದೆ," ಎಂದು ನಂಜಣ್ಣ ಕೆಳಗಿಳಿದು ಪಂಚೆ ಮೇಲೆತ್ತಿ ಕಟ್ಟಿದ. ಅವನೂ ಇನ್ನೂ ಮೂರು ಜನರೂ ಐಸಾ ಐಸಾ ಎಂದು ಹೊರಗಿನಿಂದ ತಳ್ಳಿದರು. ಕೋಣೆ ಜಾರಲಿಲ್ಲ. ನಂಜಣ್ಣನ ಪಂಚೆ ಜಾರಿತು.

ಬಸ್ಸು ಅಲ್ಲಾಡಿದ್ದಕ್ಕೆ ಅಜ್ಜಿಗೆ ಎಚ್ಚರವಾಯಿತು. ಕಿಟಕಿಯಿಂದ ತಲೆ ಹಾಕಿ, "ಕೊಪ್ಪ ಬಂತಾ ಮಗ?" ಎಂದಳು.

ಎಲ್ಲರೂ ನಕ್ಕರು. ಚಿಕ್ಕಪ್ಪ ನಗಲಿಲ್ಲ. "ಕೋಣೆ ಹೊರಗಿಟ್ಕಂಡು ಹೋದ್ರೆ ಹುಣಸೂರಿನ ಅಂಗಡಿ ಬೋರ್ಡೆಲ್ಲ ನನ್ ಜೊತೇಲೇ ಕೊಪ್ಪಕ್ಕೆ ಬತ್ತವೆ," ಎಂದು ಟೈರಿನ ಪಕ್ಕ ಕುಕ್ಕರಿಸಿದ. ಆಮೇಲೆ ಮೆಲ್ಲಗೆ, "ಮುಗೀತು. ಕೋಳಿ ಗಾಡಿನೇ," ಎಂದ.

ಶ್ಯಾಮಲಾಳಿಗೆ ತಾನು ಕೊಟ್ಟ ದಿಮ್ಮಿ ನೆನಪಾಯಿತು. ಯಾರಿಗೂ ಕಾಣದ ಹಾಗೆ ಕೋಣೆಯ ಕೆಳಗೆ ನುಸುಳಿದಳು. ದಿಮ್ಮಿ ಅಲ್ಲೇ ಇತ್ತು. ಸದ್ದಿಲ್ಲದೆ ಕಿತ್ತುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಕೈ ಹಾಕಿ ಎಳೆದಳು. ಕಾಲು ಕೊಟ್ಟು ಎಳೆದಳು. ಅದು ಅಲುಗಾಡಲಿಲ್ಲ.

ತಾನು ಇಷ್ಟು ಬಿಗಿಯಾಗಿ ಕುಟ್ಟಿರಲಿಲ್ಲವಲ್ಲ. ಅವಳು ಚಕ್ರದ ಕಡೆ ನೋಡಿದಳು. ಬಸ್ಸು ಬಂದಾಗ ಚಕ್ರದ ಮೇಲೆ ಒಂದು ಗೇಣು ಜಾಗ ಇತ್ತು. ಈಗ ಅರ್ಧ ಗೇಣೂ ಇರಲಿಲ್ಲ. ಅಷ್ಟೂ ಜನರ ಭಾರಕ್ಕೆ ಬಸ್ಸು ಕುಸಿದು, ದಿಮ್ಮಿಯ ಮೇಲೆ ಕೂತುಬಿಟ್ಟಿತ್ತು.

ಕೆಳಗಿನಿಂದ ಚಿಕ್ಕಪ್ಪನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಹೊಸ ಕೆಲಸಕ್ಕೆಂದು ತೆಗೆದುಕೊಂಡ ಹೊಸ ಚಪ್ಪಲಿ.

ಶ್ಯಾಮಲಾ ಹೊರಗೆ ಬಂದಳು. "ಚಿಕ್ಕಪ್ಪ, ಆಯಿಲ್ ಸರಿಯಾಗೇ ಅದೆ. ನಾನು ಕೆಳಗೆ ದಿಮ್ಮಿ ಕೊಟ್ಟಿವ್ನಿ. ಅದು ಹಿಡ್ಕಂಡದೆ."

ಚಿಕ್ಕಪ್ಪ ಬಗ್ಗಿ ನೋಡಿದ.

"ಕಂಬ ಕೇಳಿದ್ದು ನಾನು," ಎಂದು ಅಜ್ಜಿ ಕಿಟಕಿಯಿಂದ ಹೇಳಿದಳು. "ಮಗೀನ ಮೇಲೆ ರೇಗ್ಬ್ಯಾಡ."

"ಎಲ್ಲಾರೂ ಇಳುದ್ರೆ ಬಸ್ಸು ಮೇಲೇಳ್ತದೆ. ಆಗ ದಿಮ್ಮಿ ಸಡಿಲ ಆಯ್ತದೆ," ಎಂದಳು ಶ್ಯಾಮಲಾ.

ಒಬ್ಬೊಬ್ಬರಾಗಿ ಇಳಿದರು. ಇಳಿಯುವವರು ಮುಗಿಯುತ್ತಲೇ ಇರಲಿಲ್ಲ. ಕೊನೆಗೆ ಫ್ರಿಜ್ ಹತ್ತಿರದಿಂದ ನಂಜಣ್ಣನ ಬೀಗರೂ ಇಳಿದರು. ಬಸ್ಸು ಕಿರ್ ಎಂದು ಮೇಲೆದ್ದಿತು. ದಿಮ್ಮಿ ಮಾತ್ರ ಬರಲಿಲ್ಲ.

"ಅವ್ವ, ನೀನೂ ಇಳಿ."

"ನಾನೊಬ್ಬಳು ಏನು ಮಹಾ ಭಾರ ಇದ್ದೀನ್ಲಾ?" ಎಂದು ಅಜ್ಜಿ ಗೊಣಗುತ್ತ ಇಳಿದಳು. ಅವಳ ಎರಡನೇ ಕಾಲು ನೆಲ ಮುಟ್ಟಿದ್ದೇ ತಡ, ದಿಮ್ಮಿ ದೊಪ್ಪನೆ ತಾನಾಗೇ ಬಿತ್ತು.

ಬೀದಿಯೆಲ್ಲ ನಕ್ಕಿತು. ಅಜ್ಜಿಯೂ ನಕ್ಕಳು.

ಈಗ ಬೈಗುಳ ಬರುತ್ತದೆ ಎಂದು ಶ್ಯಾಮಲಾ ತಲೆ ಬಗ್ಗಿಸಿ ನಿಂತಳು. ಚಿಕ್ಕಪ್ಪ ಅವಳ ತಲೆಯ ಮೇಲಿದ್ದ ಸೌದೆ ಚಕ್ಕೆ ತೆಗೆದ. "ಆಯಿಲ್‌ಗೆ ಕಣ್ಣಿಲ್ಲ ಕಣಮ್ಮಿ. ತಳ್ಳು ಅಂದ್ರೆ ತಳ್ತದೆ, ಎಳೀ ಅಂದ್ರೆ ಎಳೀತದೆ. ಬಗ್ಗಿ ನೋಡ್ದೆ ಬಟನ್ ಒತ್ತಿದ್ದು ನಾನು." ಆಮೇಲೆ ಬಟನ್ ತೋರಿಸಿ, "ನೀನೇ ಒತ್ತು," ಎಂದ.

ಶ್ಯಾಮಲಾ ತಕ್ಷಣ ಒತ್ತಲಿಲ್ಲ. ಬಸ್ಸಿನ ಸುತ್ತ ಒಂದು ಸುತ್ತು ಬಂದಳು. ಕೆಳಗೆ ಬಗ್ಗಿ ನೋಡಿದಳು. ನಂಜಣ್ಣನ ಕೆಂಪು ಕೋಳಿ ನೆರಳಿಗೆ ಬಂದು ಕೂತಿತ್ತು. ಅದನ್ನು ಕಂಡು ಚಿಕ್ಕಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಅದನ್ನು ಓಡಿಸಿ, ಬಟನ್ ಒತ್ತಿದಳು.

ಗುಂಯ್. ಕೋಣೆ ಸಲೀಸಾಗಿ ಒಳಗೆ ಹೋಯಿತು. ಮೂರಕ್ಕೆ ಐದು ನಿಮಿಷ ಇರುವಾಗ, ಕೊಪ್ಪ ಮುಟ್ಟಿದೆ ಎಂದು ಚಿಕ್ಕಪ್ಪನ ಫೋನೂ ಬಂತು.

ಸಂಜೆ ವೀರಭದ್ರಸ್ವಾಮಿ ಬ್ಯಾರನ್ ಮುಂದೆ ಒಂದು ಲೋಡು ಸೌದೆ ತಂದ. ಟ್ರೈಲರ್ ಎತ್ತಲು ಲಿವರ್ ಮೇಲೆ ಕೈ ಇಟ್ಟ.

"ಮಾವ, ಒಂದ್ ನಿಮಿಷ," ಎಂದು ಶ್ಯಾಮಲಾ ಓಡಿ ಬಂದಳು.

ಟ್ರೈಲರಿನ ಸುತ್ತ ಒಂದು ಸುತ್ತು ಹಾಕಿದಳು. ಹಿಂದೆ ಹೋಗಿ ನೋಡಿದಳು, ಕೆಳಗೆ ಬಗ್ಗಿ ನೋಡಿದಳು. ಏನೂ ಇರಲಿಲ್ಲ. ಮೊಣಕಾಲಿನ ಮಣ್ಣು ಕೊಡವಿಕೊಂಡು ದೂರ ನಿಂತಳು.

"ಈಗ ಎತ್ತಿ."